ಜೋಳವಾಳಿ

(ಕೂಡಲಸಂಗಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



'ದತ್ತಿ' ಎಂದರೆ ಈಗ ನಮಗೆ ಬ್ಯಾಂಕಿನ ಠೇವಣಿ ನೆನಪಾಗುತ್ತದೆ. ವರ್ಷಕ್ಕೊಮ್ಮೆ ಬಡ್ಡಿ ಬರುತ್ತದೆ, ಒಂದು ಉಪನ್ಯಾಸ ನಡೆಯುತ್ತದೆ. ಆದರೆ ಈ ಮಾತು ಬೆಳೆದದ್ದು ಹೊಲದಲ್ಲಿ. ನಮ್ಮ ನಾಡಿನ ಶಾಸನಗಳಲ್ಲಿ ದತ್ತಿ ಎಂದರೆ ಇಷ್ಟು ಮತ್ತರು ಭೂಮಿ, ಅದರಲ್ಲಿ ಬೆಳೆದ ಕಾಳು, ಆ ಕಾಳಿನಿಂದ ನಡೆಯಬೇಕಾದ ಅನ್ನದಾನ. ಕಲ್ಲಿನ ಮೇಲೆ ಹೊಲದ ನಾಲ್ಕೂ ದಿಕ್ಕಿನ ಎಲ್ಲೆ ಕೊರೆಯುತ್ತಿದ್ದರು: ಮೂಡಲಿಗೆ ಹಳ್ಳ, ಪಡುವಲಿಗೆ ಬೇವಿನ ಮರ, ತೆಂಕಲಿಗೆ ನೆಟ್ಟ ಕಲ್ಲು. ಯಾರ ಊಟ ಯಾವ ಹೊಲದಿಂದ ಬರುತ್ತದೆ ಎಂಬುದು ಊರಿಗೆಲ್ಲ ತಿಳಿದಿರಬೇಕು, ಮುಂದಿನವರಿಗೂ ತಿಳಿಯಬೇಕು ಎಂಬುದು ಆ ಕಲ್ಲಿನ ಉದ್ದೇಶ. ಇಂದು ನನಗೆ ಕೊಟ್ಟಿರುವ ವಿಷಯ 'ಅನ್ನ ಮತ್ತು ರಾಜಕಾರಣ'. ನಮ್ಮ ತಟ್ಟೆಯ ಅನ್ನ ಯಾವ ಎಲ್ಲೆಯೊಳಗಿನ ಹೊಲದ್ದು ಎಂಬ ಹಳೆಯ ಪ್ರಶ್ನೆಯನ್ನೇ ನಾನು ಮತ್ತೆ ಕೇಳುತ್ತೇನೆ.

ಅದೇ ಶಾಸನಗಳಲ್ಲಿ ಇನ್ನೊಂದು ಮಾತಿದೆ, ಜೋಳವಾಳಿ. ಒಡೆಯನ ಮನೆಯ ಜೋಳ ಉಂಡವನು ಅವನಿಗೆ ನಿಷ್ಠನಾಗಿರಬೇಕು, ಹೊತ್ತು ಬಂದರೆ ಪ್ರಾಣವನ್ನೂ ಕೊಡಬೇಕು. ಉಂಡದ್ದರ ಹೊಣೆಯೇ ಜೋಳವಾಳಿ. ವೇಳೆವಾಳಿ, ಲೆಂಕವಾಳಿ ಎಂಬ ಇಂಥವೇ ನಿಷ್ಠೆಗಳ ಜೊತೆ ವಿದ್ವಾಂಸರು ಇದನ್ನು ಚರ್ಚಿಸಿದ್ದಾರೆ. ಪಂಪನ ಕಾವ್ಯದ ಕರ್ಣನ ನೆನಪಾದರೆ 'ಜೋಳದ ಪಾಳಿ' ಎಂಬ ಮಾತೂ ನೆನಪಾಗುತ್ತದೆ. ಬೇರೆ ಸೀಮೆಗಳಲ್ಲಿ ನಿಷ್ಠೆಗೆ ಉಪ್ಪು ಸಾಕ್ಷಿ. ಕನ್ನಡ ನೆಲದಲ್ಲಿ ಸಾಕ್ಷಿಯಾದದ್ದು ಜೋಳ. ಒಂದು ಕಾಳಿನ ಹೆಸರಿನಿಂದ ನೀತಿಯೊಂದನ್ನು ಕರೆದ ನಾಡು ಇದು.

ಆ ಕಾಲದಲ್ಲಿ ಹೊಣೆ ಹರಿಯುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. ಉಂಡವನು ಆಳು, ಉಣಿಸಿದವನು ಅರಸ. ಪ್ರಜಾಪ್ರಭುತ್ವದಲ್ಲಿ ಯಾರು ಯಾರ ಜೋಳ ಉಣ್ಣುತ್ತಿದ್ದಾರೆ? ವಿಧಾನಸೌಧದಲ್ಲಿ ಕುಳಿತವರು, ಕಚೇರಿಯಲ್ಲಿ ಸಹಿ ಹಾಕುವವರು, ಪೇಟೆಯಲ್ಲಿ ಪಗಾರ ಎಣಿಸುವ ನಾವೆಲ್ಲ ಉಣ್ಣುತ್ತಿರುವುದು ಒಕ್ಕಲಿಗನ ಜೋಳ. ಹಾಗಾದರೆ ಜೋಳವಾಳಿಯ ಹೊಣೆ ಯಾರದು? ಉಂಡವರದು. ನನ್ನ ಇಂದಿನ ಮಾತೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಈ ಮಾತಾಡಲು ಕೂಡಲಸಂಗಮಕ್ಕಿಂತ ತಕ್ಕ ಜಾಗ ಇಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ 304 ಕಿಲೋಮೀಟರ್ ನಡೆದು ಇಲ್ಲಿ ಕೃಷ್ಣೆಯ ಮಡಿಲು ಸೇರುತ್ತಾಳೆ. ದಾರಿಯಲ್ಲಿ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತಿದ್ದಾಳೆ, ರಾಮದುರ್ಗದ ಹೊಲ ತೋಯಿಸಿದ್ದಾಳೆ, ಪಟ್ಟದಕಲ್ಲು ಐಹೊಳೆಗಳ ಕಲ್ಲುಗಳನ್ನು ಕಂಡು ಬಂದಿದ್ದಾಳೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಇದೇ ತಾಯಿ ಊರೊಳಗೆ ನುಗ್ಗಿ ಹಗೇವು ತುಂಬಿದ್ದನ್ನೂ ನಾವು ಕಂಡಿದ್ದೇವೆ. ಇಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಬಸವಣ್ಣನವರ ಐಕ್ಯಮಂಟಪ. ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಅದರ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಉಳಿಸಿಕೊಂಡೆವು. ಒಳ್ಳೆಯ ಕೆಲಸ. ಆದರೆ ಆ ಹಿನ್ನೀರಿನಡಿ ಹೋದ ಹೊಲಗಳ ಸುತ್ತ ಯಾರಿಗೂ ಗೋಡೆ ಕಟ್ಟಲಾಗಲಿಲ್ಲ. ಕಾಯಕದ ಹಿರಿಮೆ ಕಲಿಸಿದ ಗುರುವಿನ ಸಮಾಧಿ ಉಳಿಯಿತು, ಕಾಯಕದ ನೆಲ ಮುಳುಗಿತು. ಸಂಗಮನಾಥನ ಗುಡಿಯ ಮೆಟ್ಟಿಲ ಮೇಲೆ ಕುಳಿತು ಈ ನೀರನ್ನು ನೋಡಿದಾಗಲೆಲ್ಲ ನನಗೆ ಈ ಮಾತು ಕಾಡುತ್ತದೆ.

ಇವತ್ತು ಬರುವಾಗ ದಾರಿಯ ಎರಡೂ ಮಗ್ಗುಲಿಗೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಈ ಬೆಳೆಯ ಸೋಜಿಗವನ್ನು ಮುಂದಿನ ಸಾಲಿನಲ್ಲಿ ಕುಳಿತ ಶಾಲೆಯ ಮಕ್ಕಳಿಗೆ ಹೇಳಬೇಕು. ನಮ್ಮ ಹಿಂಗಾರಿ ಜೋಳ ಮಳೆಗಾಲದ ಬೆಳೆ ಅಲ್ಲ. ಮಳೆಗಾಲದುದ್ದಕ್ಕೂ ಎರೆಹೊಲವನ್ನು ಹರಗಿ, ನೀರು ಕುಡಿಯಲು ಬಿಡುತ್ತೇವೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಮಳೆ ಬೆನ್ನು ತಿರುಗಿಸುವ ಹೊತ್ತಿಗೆ, ಕೂರಿಗೆ ಹೂಡುತ್ತೇವೆ. ಆಮೇಲೆ ಒಂದು ಹನಿ ಬೀಳದಿದ್ದರೂ ನೆಲದೊಳಗಿನ ಹಸಿ ಮತ್ತು ಚಳಿಗಾಲದ ಇಬ್ಬನಿ ನಂಬಿ ಪೈರು ಬೆಳೆಯುತ್ತದೆ. ಎರೆ ಒಣಗಿದಂತೆ ಬಿರಿಯುತ್ತದೆ, ಬಿರಿದ ಬಾಯಿಂದ ಹಸಿ ಹಾರಿಹೋಗುತ್ತದೆ. ಅದಕ್ಕೇ ಎಡೆ ಹೊಡೆಯುವುದು. ಎಡೆಕುಂಟೆ ಹಾಯ್ದಾಗ ಮೇಲ್ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ. ಕಳೆ ತೆಗೆಯುವುದು ನೆಪ. ನಿಜವಾಗಿ ನಮ್ಮ ರೈತ ನೆಲದ ಬಾಯಿ ಹೊಲಿಯುತ್ತಿದ್ದಾನೆ. ಅಕ್ಕಡಿ ಸಾಲಿನಲ್ಲಿ ಕುಸುಬಿ, ಕಡಲೆ, ಅಗಸಿ. ಜೋಳ ಕೈಕೊಟ್ಟರೆ ಕಡಲೆ ಕೈಹಿಡಿಯಲಿ ಎಂಬ ಲೆಕ್ಕ. ಕಾಳು ಮನೆಗೆ, ಕಣಿಕೆ ದನಕ್ಕೆ, ಕೊಯ್ಲಿ ಒಲೆಗೆ. ಸಂಕ್ರಮಣದ ಸುಮಾರಿಗೆ ಹಾಲುಗಾಳಿನ ತೆನೆ ಸುಟ್ಟು ಉಜ್ಜಿದರೆ ಸೀತನಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ನಾವು ಉಣ್ಣುವ ಮೊದಲು ನೆಲಕ್ಕೆ ಚರಗ ಚೆಲ್ಲುತ್ತೇವೆ. ಉಂಡದ್ದರ ಹೊಣೆಯನ್ನು ಭೂಮಿಗೆ ತೀರಿಸುವ ಹಬ್ಬ ಅದು. ಜೋಳವಾಳಿ ಎಂಬ ಪದ ಮರೆತರೂ ಅದರ ಆಚಾರ ನಮ್ಮ ಹೆಣ್ಣುಮಕ್ಕಳ ಬುಟ್ಟಿಯಲ್ಲಿ ಉಳಿದುಕೊಂಡಿದೆ.

ಹುನಗುಂದದ ಒಡ್ಡುಗಳನ್ನೂ ಇಲ್ಲೇ ನೆನೆಯಬೇಕು. ಇಲ್ಲಿನ ನಾಗರಾಳ ಮನೆತನದವರು ತಲೆಮಾರುಗಳಿಂದ ಒಣಬೇಸಾಯದಲ್ಲಿ ಮಣ್ಣು, ನೀರು ಹಿಡಿದಿಡುವ ಪದ್ಧತಿಯನ್ನು ಕಾಪಾಡಿಕೊಂಡು ಬಂದವರು. ಹೊಲದ ಬದುವಿಗೆ ಒಡ್ಡು, ಒಡ್ಡಿನೊಳಗೆ ಮಟ್ಟ ಮಾಡಿದ ನೆಲ, ಹೆಚ್ಚಾದ ನೀರು ಮೆಲ್ಲಗೆ ಹೊರಹೋಗಲು ಕಲ್ಲು ಜೋಡಿಸಿದ ಕಿಂಡಿ. ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಕೃಷಿ ವಿಜ್ಞಾನಿಗಳು ಬಂದು ನೋಡಿ ಕಲಿತ ವಿದ್ಯೆ ಇದು. ದೊಡ್ಡ ಅಣೆಕಟ್ಟು ಕಟ್ಟದೆ, ಯಾರ ಹೊಲವನ್ನೂ ಮುಳುಗಿಸದೆ, ಬಿದ್ದ ಹನಿಯನ್ನು ಬಿದ್ದಲ್ಲೇ ನಿಲ್ಲಿಸುವ ನೀರಾವರಿ. 'ಸುಸ್ಥಿರ ಆಹಾರ' ಎಂದು ಈಗ ವಿಶ್ವಸಂಸ್ಥೆ ಹೇಳುವುದನ್ನು ನಮ್ಮ ಹಿರಿಯರು ಒಡ್ಡಿನ ಕಲ್ಲಿನಲ್ಲಿ ಬರೆದಿಟ್ಟಿದ್ದರು.

ಹೀಗಿದ್ದ ನಾಡಿನ ತಟ್ಟೆಯಿಂದ ಜೋಳ ಹೇಗೆ ಜಾರಿತು? ಇದರಲ್ಲಿ ಒಬ್ಬನೇ ಖಳನಾಯಕ ಇಲ್ಲ. ಕಥೆ ಸ್ವಲ್ಪ ಉದ್ದ, ತಾಳ್ಮೆಯಿಂದ ಕೇಳಬೇಕು.

ಮಲಪ್ರಭೆಗೆ ಅಣೆಕಟ್ಟು ಬಂದಾಗ ಕಾಲುವೆಯ ಊರುಗಳು ಹಬ್ಬ ಮಾಡಿದವು. ಜೋಳದ ಎರೆಗೆ ನೀರು ಹರಿಯಿತು, ಹತ್ತಿ ಬಂತು, ಕೆಲವು ವರ್ಷ ದುಡ್ಡೂ ಬಂತು. ಆಮೇಲೆ ಹತ್ತಿಯ ಬೆಲೆ ಕುಸಿಯಿತು. ಬಸಿಯದ ಎರೆಯಲ್ಲಿ ನೀರು ನಿಂತು ಸವಳು, ಜವಳು ಕಾಣಿಸಿಕೊಂಡವು. ಅದೇ ಹೊತ್ತಿಗೆ ಸರ್ಕಾರ ನೀರಿನ ಕರದ ಜೊತೆ ಅಭಿವೃದ್ಧಿ ಕರವನ್ನೂ ಕೇಳಿತು, ಕೆಟ್ಟ ನೆಲಕ್ಕೂ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು, ಜೀವಗಳು ಹೋದವು. ಆ ಕಿಚ್ಚಿನಿಂದ ಕರ್ನಾಟಕದ ರೈತ ಚಳವಳಿ ಮೈಗೂಡಿತು, 1983ರಲ್ಲಿ ರಾಜ್ಯದ ಸರ್ಕಾರವೂ ಬದಲಾಯಿತು. ಆ ದಿನವನ್ನು ಇಂದಿಗೂ ಹುತಾತ್ಮ ದಿನವೆಂದು ಆಚರಿಸುತ್ತೇವೆ. ಹಾರ ಹಾಕುವಾಗ ಅದರ ಪಾಠವನ್ನೂ ನೆನೆಯಬೇಕು: ತಾನು ಉಣ್ಣುವ ಬೆಳೆ ಬಿಟ್ಟು ಪೇಟೆಗೆ ಬೇಕಾದ ಬೆಳೆ ಹಿಡಿದ ರೈತ, ಬೆಲೆ ಬಿದ್ದಾಗ ಎರಡೂ ಕಡೆ ಬರಿಗೈಯಾದ. ಮುಂದೆ 2015ರಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ಮತ್ತೆ ಧರಣಿ ಕುಳಿತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಹೋರಾಟಗಾರರ ಕೂದಲು ಬೆಳ್ಳಗಾಗಿದೆ, ಮಲಪ್ರಭೆಗೆ ಹೊಸ ನೀರು ಬಂದಿಲ್ಲ.

ಇನ್ನು ನಮ್ಮದೇ ಜಿಲ್ಲೆಯ ಜಮಖಂಡಿ ಕಡೆ ನೋಡೋಣ. ಕೃಷ್ಣೆಯ ದಂಡೆಯಲ್ಲೇ ಇದ್ದರೂ ಬೇಸಿಗೆಗೆ ನೀರಿಲ್ಲ. ಸರ್ಕಾರವನ್ನು ಕೇಳಿ ಕೇಳಿ ಸಾಕಾದ ರೈತರು ತಾವೇ ಹಣ ಕೂಡಿಸಿದರು, ತಾವೇ ಕಲ್ಲು ಹೊತ್ತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿ ಮುಗಿಸಿತು. ಅದಕ್ಕೆ ಇಟ್ಟ ಹೆಸರು 'ಶ್ರಮಬಿಂದು ಸಾಗರ'. ಹೆಸರಿನಲ್ಲೇ ಬೆವರಿದೆ. ನಾಗರಿಕ ಚಳವಳಿ ಎಂದರೆ ಬರೀ ಘೋಷಣೆ ಎಂದುಕೊಂಡವರು ಹೋಗಿ ಆ ಗೋಡೆ ಮುಟ್ಟಿ ಬರಬೇಕು. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಅದೇ ನ್ಯಾಮಗೌಡರು ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಕೈಯಿಂದ ಕೆಲಸ ಮಾಡಿ ತೋರಿಸಿದವನ ಮಾತಿಗೆ ಜನ ಕೊಡುವ ಬೆಲೆ ಅಂಥದ್ದು.

ನೀರು ನಿಂತಿತು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳು ಬಂದವು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ರೈತನನ್ನು ದೂರಲಾರೆ. ಲೆಕ್ಕ ನೋಡಿ: ಒಳ್ಳೆಯ ವರ್ಷ ಒಣಹೊಲದ ಎಕರೆಗೆ ನಾಲ್ಕೈದು ಕ್ವಿಂಟಲ್ ಬಿಳಿಜೋಳ. 2025–26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಐದು ಕ್ವಿಂಟಲಿಗೆ ಹತ್ತೊಂಬತ್ತು ಸಾವಿರವೂ ಮುಟ್ಟದು. ಕಬ್ಬು ಎಕರೆಗೆ 40 ಟನ್ ಬಂದರೆ, ಟನ್ನಿಗೆ 3,300ರಂತೆ 1 ಲಕ್ಷ 32 ಸಾವಿರ. ಯಾರು ಏನು ಬಿತ್ತುತ್ತಾರೆ, ನೀವೇ ಹೇಳಿ. ಆದರೆ ಆ 3,300 ಸುಮ್ಮನೆ ಬಂದದ್ದಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಬೆಳೆಗಾರರು ಹಗಲಿರುಳು ಕುಳಿತು 3,500 ಕೇಳಿದ ಮೇಲೆ ಸರ್ಕಾರ ತಾನು 50, ಕಾರ್ಖಾನೆ 50 ಎಂದು ಕೂಡಿಸಿ ಒಪ್ಪಿದ ದರ ಅದು. ಕಬ್ಬಿಗೆ ಒಂದು ಗುರ್ಲಾಪುರ ಇದೆ. ಜೋಳಕ್ಕೆ ಯಾವ ಕ್ರಾಸೂ ಇಲ್ಲ. ಇದೇ ಹುನಗುಂದ ಸೀಮೆಯ ಐಹೊಳೆಯಿಂದ ಹೊರಟ ವರ್ತಕರು ಸಾವಿರ ವರ್ಷದ ಹಿಂದೆಯೇ ಐನೂರ್ವರೆಂದು ಕೂಡಿ, ತಮ್ಮ ಕಟ್ಟಳೆ ತಾವೇ ಮಾಡಿಕೊಂಡು, ದಕ್ಷಿಣ ಭಾರತದುದ್ದಕ್ಕೂ ಮಾತು ನಡೆಸಿದರು. ಮಾರುವವರು ಅಂದೇ ಒಂದಾದರು. ಜೋಳ ಬೆಳೆಯುವವರು ಇನ್ನೂ ಒಂದಾಗಿಲ್ಲ.

ಈಗ ಅಕ್ಕಿಯ ಮಾತು. ಇದನ್ನು ಎಚ್ಚರದಿಂದ ಆಡಬೇಕು, ಏಕೆಂದರೆ ಹಸಿದವನ ತಟ್ಟೆಯ ಮುಂದೆ ನಿಂತು ಉಪದೇಶ ಮಾಡುವುದು ಪಾಪ. 2013ರ ಜುಲೈ 10ರಂದು ಅನ್ನಭಾಗ್ಯ ಶುರುವಾದಾಗ ನಮ್ಮ ಊರುಗಳ ಬಡವರ ಮನೆಗಳಲ್ಲಿ ತಿಂಗಳ ಕೊನೆಯ ಭಯ ಕಡಿಮೆಯಾಯಿತು. ಗುಳೆ ಹೋಗುವ ಮನೆಗಳಲ್ಲಿ ಮುದುಕರು, ಮಕ್ಕಳು ಎರಡು ಹೊತ್ತು ಉಂಡರು. ಅದನ್ನು ಹಗುರಾಗಿ ನುಡಿಯುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಹಸಿವಿಗೆ ಉತ್ತರ ಕೊಟ್ಟ ಸರ್ಕಾರಗಳು ಆ ಉತ್ತರವನ್ನು ಪಕ್ಕದ ಹೊಲದಲ್ಲಿ ಏಕೆ ಹುಡುಕಲಿಲ್ಲ?

2023ರ ಜೂನಿನಲ್ಲಿ ಏನಾಯಿತು ನೆನೆಯಿರಿ. ಪ್ರತಿಯೊಬ್ಬರಿಗೆ 10 ಕಿಲೋ ಎಂದು ರಾಜ್ಯ ಮಾತು ಕೊಟ್ಟಿತ್ತು. ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಬೆಂಗಳೂರು, ದೆಹಲಿಗಳ ನಡುವೆ ವಾರಗಟ್ಟಲೆ ಜಗಳ. ಕೊನೆಗೆ ಕಿಲೋಗೆ 34 ರೂಪಾಯಿಯಂತೆ, ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಬಿತ್ತು. ಆ ವರ್ಷವೇ ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ! ಒಂದು ಕಡೆ ಮೇಳಗಳು, ಭಾಷಣಗಳು. ಇನ್ನೊಂದು ಕಡೆ ಜೋಳ ಬೆಳೆಯುವ ರಾಜ್ಯ ಅಕ್ಕಿಗಾಗಿ ಬಾಗಿಲು ಬಾಗಿಲು ತಟ್ಟುತ್ತಿತ್ತು. ಆ ಜಗಳದಲ್ಲಿ ಯಾವ ಪಕ್ಷ ಸರಿ ಎಂದು ಅಳೆಯುವುದು ಈ ವೇದಿಕೆಯ ಕೆಲಸವಲ್ಲ. ಆದರೆ ಎರಡೂ ಕಡೆಯವರ ಬಾಯಲ್ಲಿ ಅಕ್ಕಿಯೇ ಇತ್ತು ಎಂಬುದನ್ನು ನಾವು ಗಮನಿಸಬೇಕು.

ಕಾಯ್ದೆಯ ಒಳಗೂ ಈ ತಾರತಮ್ಯ ಕೂತಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರದ ಅಕ್ಕಿಗೆ 3, ಗೋಧಿಗೆ 2, 'ಒರಟು ಧಾನ್ಯ'ಕ್ಕೆ 1 ರೂಪಾಯಿ ಎಂದು ದರ ಕಟ್ಟಿತು. ಒರಟು! ನಮ್ಮ ಬಿಳಿಜೋಳದ ರೊಟ್ಟಿ ಮುಟ್ಟಿ ನೋಡಿದವರು ಇಡುವ ಹೆಸರೇ ಇದು? 2018ರಲ್ಲಿ ಕೇಂದ್ರವೇ ಹೆಸರು ಬದಲಿಸಿ ಪೌಷ್ಟಿಕ ಧಾನ್ಯ ಎಂದಿತು. ಕರ್ನಾಟಕ ಸಿರಿಧಾನ್ಯ ಎಂದು ಮೊದಲೇ ಕರೆದಿತ್ತು. ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಕೊಡುವ ರೈತಸಿರಿ ಯೋಜನೆಯನ್ನೂ ತಂದಿತು. ಹೆಸರು ಏರಿತು. ಪಡಿತರ ಅಂಗಡಿಯ ಗೋಣಿಚೀಲದಲ್ಲಿ ಮಾತ್ರ ಜೋಳ ಇಂದಿಗೂ ಅತಿಥಿ. ಬಂದ ತಿಂಗಳು ಬಂತು, ಬಾರದ ತಿಂಗಳು ಇಲ್ಲ.

ನಮ್ಮ ಊರ ಒಬ್ಬ ರೈತ, ನನ್ನ ಬಾಲ್ಯದ ಗೆಳೆಯ, ಒಂದು ವರ್ಷ ಜೋಳದ ಚೀಲ ಹೇರಿಕೊಂಡು ಖರೀದಿ ಕೇಂದ್ರಕ್ಕೆ ಹೋದ. ಯಾವ ಕೇಂದ್ರ ಎಂಬುದು ಬೇಡ. ನೋಂದಣಿ ಮುಗಿದಿದೆ ಎಂದರು. ಅದಕ್ಕೂ ಮೊದಲು ಹೋದಾಗ ನೋಂದಣಿ ಶುರುವಾಗಿಲ್ಲ ಎಂದಿದ್ದರು. ಮಗಳ ಮದುವೆ ಮುಂದಿತ್ತು. ದಲ್ಲಾಳಿ ಕೇಳಿದ ದರಕ್ಕೆ ಇಳಿಸಿ ಬಂದ. ಮರುವಾರ ಅದೇ ಮನೆಯವರು ಪಡಿತರದ ಸಾಲಿನಲ್ಲಿ ನಿಂತು, ನೂರಾರು ಮೈಲಿ ದೂರದಿಂದ ಬಂದ ಅಕ್ಕಿ ತಂದರು. ಆ ರಾತ್ರಿ ಅವನ ತಾಯಿ ಅನ್ನ ಕಲಸುತ್ತ ಒಂದು ಮಾತೂ ಆಡಲಿಲ್ಲ. ಆ ಮೌನ ನನ್ನ ಕಿವಿಯಲ್ಲಿ ಇನ್ನೂ ಇದೆ. ಇಂದಿನ ಈ ಉಪನ್ಯಾಸ ಅವಳಿಗೆ ನಾನು ಕೊಡುವ ತಡವಾದ ಉತ್ತರ.

ಇನ್ನೊಂದು ಸತ್ಯ ಗಂಡಸರು ಒಪ್ಪಬೇಕು. ಜೋಳ ಹಿಂದೆ ಸರಿದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ, ರೊಟ್ಟಿ ಬಡಿಯುವ ದುಡಿಮೆಯೂ ಕಾರಣ. ನಸುಕಿನಲ್ಲಿ ಎದ್ದು, ಎಸರು ಇಟ್ಟು, ಹಿಟ್ಟು ನಾದಿ, ಹೊಗೆಯಲ್ಲಿ ಇಪ್ಪತ್ತು ಮೂವತ್ತು ರೊಟ್ಟಿ ಬಡಿದು, ಆಮೇಲೆ ಹೊಲಕ್ಕೂ ಹೋಗುತ್ತಿದ್ದ ನಮ್ಮ ಅವ್ವಂದಿರಿಗೆ ಕುಕ್ಕರಿನ ಅಕ್ಕಿ ಒಂದು ಬಿಡುಗಡೆಯಂತೆ ಬಂತು. ಅವಳ ಅಂಗೈಯ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 'ಮರಳಿ ಜೋಳಕ್ಕೆ' ಎನ್ನುವುದು ಅರ್ಧ ಮಾತು. ಬನಶಂಕರಿಗೆ ಹೋಗಿ ನೋಡಿ. ಶಾಕಾಂಬರಿಯೆಂದು ಪೂಜೆಗೊಳ್ಳುವ, ಪಲ್ಲೇದ ಹಬ್ಬಕ್ಕೆ 108 ಬಗೆಯ ಕಾಯಿಪಲ್ಯ ಎಡೆಯಾಗುವ ಆ ತಾಯಿಯ ಅಂಗಳದಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕುಳಿತಿರುತ್ತಾರೆ: ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು. ಅಲ್ಲಿ ರೊಟ್ಟಿಗೆ ದುಡ್ಡಿದೆ, ದುಡಿಮೆಗೆ ಮರ್ಯಾದೆಯಿದೆ. ಜೋಳ ಉಳಿಯಬೇಕಾದರೆ ರೊಟ್ಟಿ ಬಡಿಯುವ ಕೈಗೆ ಕೂಲಿ ಸಿಗಬೇಕು.

ಇಷ್ಟೆಲ್ಲ ಹೇಳಿ ನಿಮ್ಮನ್ನು ಎದೆಗುಂದಿಸಲು ನಾನು ಬಂದಿಲ್ಲ. ಈ ಸೀಮೆಯ ಜನ ಕೈಕಟ್ಟಿ ಕುಳಿತವರಲ್ಲ.

2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ನೆಲ ಹೋಗುವುದಿತ್ತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ನಿಂತರು. ಮಠದ ಗದ್ದುಗೆ ಹೊಲದ ಬದುವಿಗೆ ಇಳಿಯಿತು. ಆ ವರ್ಷದ ಜುಲೈನಲ್ಲಿ ಸರ್ಕಾರ ಅಲ್ಲಿನ ಭೂಸ್ವಾಧೀನವನ್ನು ಕೈಬಿಟ್ಟಿತು. ಅದೇ ಪರಂಪರೆಯ ಡಂಬಳದ ಮಠದಲ್ಲಿ ಇಂದಿಗೂ ರೊಟ್ಟಿ ಜಾತ್ರೆ ನಡೆಯುತ್ತದೆ. ರೊಟ್ಟಿ ಹಂಚುವ ಮಠಕ್ಕೆ ಜೋಳದ ನೆಲ ಕಾಯುವುದು ಸಹಜವೇ ಆಗಿತ್ತು. ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರೂ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತು, 2025ರ ಜುಲೈ 15ರಂದು 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು.

ಬೀಜದ ಕಥೆಯೂ ಇದೆ. ಕುಲಾಂತರಿ ಬದನೆಗೆ ನಮ್ಮ ನಾಡಿನ ತಳಿಗಳನ್ನು, ಕುಡಚಿಯ ಬದನೆ, ಉಡುಪಿಯ ಮಟ್ಟುಗುಳ್ಳದಂಥವನ್ನು, ಕಾಯ್ದೆಯಂತೆ ಅನುಮತಿ ಪಡೆಯದೆ ಬಳಸಿದ್ದಾರೆ ಎಂದು 2010ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರ್ವಜನಿಕ ವಿಚಾರಣೆ ನಡೆದ ಕೆಲವೇ ದಿನಕ್ಕೆ ಕೇಂದ್ರ ಸರ್ಕಾರ ಆ ಬದನೆಯನ್ನು ತಡೆಹಿಡಿಯಿತು. ಎಣ್ಣೆಗಾಯಿಯ ಬದನೆಗೂ ಒಂದು ರಾಜಕಾರಣವಿದೆ, ಅದರಲ್ಲಿ ಸಾಮಾನ್ಯರ ಮಾತಿಗೂ ತೂಕವಿದೆ ಎಂದು ಅಂದು ತಿಳಿಯಿತು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ. ಒಂದು ಸಣ್ಣ ಊರಿನ ಹೆಣ್ಣುಮಕ್ಕಳು ದೇಸಿ ಬೀಜ ಕೂಡಿಸಿ ಬೀಜ ಬ್ಯಾಂಕು ಮಾಡಿದರು, ಸುತ್ತಲಿನ ರೈತರಿಗೆ ಹಂಚಿದರು, ಸಿರಿಧಾನ್ಯ ಸಂಸ್ಕರಿಸುವ ಘಟಕ ನಡೆಸಿದರು. ಸಹಜ ಸಮೃದ್ಧ ಸಂಸ್ಥೆ ಜೊತೆಗೆ ನಿಂತಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಆ ಊರಿಗೆ ಬಂತು. ಕಾಳನ್ನು ಸಿಪ್ಪೆ ಬಿಡಿಸಿ, ಹಸನು ಮಾಡಿ ಮಾರುವಲ್ಲಿಯೇ ಲಾಭವಿದೆ. ಆ ಲಾಭ ಪೇಟೆಗೆ ಹೋಗದೆ ಊರಲ್ಲೇ, ಹೆಣ್ಣುಮಕ್ಕಳ ಕೈಯಲ್ಲೇ ಉಳಿಯಿತು. ಅವರ ಗೆಲುವಿನ ಗುಟ್ಟು ಅದು. ಈ ಸಂಗಮದ ದಂಡೆಯಲ್ಲಿ ನಿಂತು ಅವರಿಗೆ ನಾನು ಶರಣು ಎನ್ನುತ್ತೇನೆ. ಕಾಯಕಕ್ಕೆ ಜಾತಿ ಇಲ್ಲ, ಮತ ಇಲ್ಲ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಇದೇ ಕೂಡಲಸಂಗಮದಿಂದ 2021ರ ಜನವರಿ 14ರಂದು ಮೀಸಲಾತಿಯ ಬೇಡಿಕೆ ಹೊತ್ತು ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಒಕ್ಕಲುತನದ ಮನೆಗಳಿಂದ ಬಂದವರೇ ಅದರಲ್ಲಿ ಹೆಚ್ಚು. ಆ ಬೇಡಿಕೆಯ ಸರಿತಪ್ಪು ಇಂದಿನ ವಿಷಯವಲ್ಲ. ಆದರೆ ಇಲ್ಲಿಂದ ಹೊರಟ ಹೆಜ್ಜೆ ರಾಜಧಾನಿ ಮುಟ್ಟುತ್ತದೆ, ಸರ್ಕಾರ ಕಿವಿಗೊಡುತ್ತದೆ ಎಂದು ಅದು ತೋರಿಸಿತು. ಆ ಬಲದಲ್ಲಿ ಒಂದು ಪಾಲು ನೆಲಕ್ಕೂ, ಕಾಳಿಗೂ ಸಲ್ಲಲಿ ಎಂಬುದು ನನ್ನ ಬೇಡಿಕೆ. ಕಾಲವೂ ಈಗ ಕೇಳುತ್ತಿದೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಿದರೆ ಸುಮಾರು 75 ಸಾವಿರ ಎಕರೆ ಮುಳುಗಡೆ. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರ ಎಂದು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹಳೆಯ ಬಾಗಲಕೋಟೆ ಮುಳುಗಿದ್ದನ್ನು, ನವನಗರ ಎದ್ದದ್ದನ್ನು ಕಂಡವರು ನಾವು. ಪರಿಹಾರದ ದುಡ್ಡು ಬೇಗ ಬರಲಿ, ಪೂರಾ ಬರಲಿ. ಜೊತೆಗೆ, ಮುಳುಗುವ ಎರೆಯಲ್ಲಿ ಬೆಳೆಯುತ್ತಿದ್ದ ಬೀಜಗಳು ಯಾವ ಹೊಲಕ್ಕೆ ಹೋಗಬೇಕು, ಆ ಹೊಲಗಳ ಕಾಳು ಉಣ್ಣುತ್ತಿದ್ದ ಮನೆಗಳು ಮುಂದೆ ಏನು ಉಣ್ಣಬೇಕು ಎಂಬ ಲೆಕ್ಕವೂ ಪುನರ್ವಸತಿಯ ಕಡತದಲ್ಲಿ ಇರಲಿ.

ಹಾಗಾದರೆ ಏನು ಮಾಡೋಣ? ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಪಡಿತರ. ಇಲ್ಲಿ ಬೆಳೆದದ್ದನ್ನು ಇಲ್ಲೇ ಕೊಂಡು, ಇಲ್ಲೇ ಕೂಡಿಟ್ಟು, ಇಲ್ಲೇ ಹಂಚಬೇಕು. ರಾಶಿ ಮುಗಿಯುವ ಮೊದಲೇ ಖರೀದಿ ಕೇಂದ್ರ ತೆರೆಯಬೇಕು. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಇಂದಿರಾ ಕಿಟ್ ಎಂದು ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಅಕ್ಕಿಯೊಂದೇ ಅನ್ನವಲ್ಲ ಎಂದು ಸರ್ಕಾರವೇ ಒಪ್ಪಿದ ಮೇಲೆ, ಜೋಳದ ನಾಡಿಗೆ ಜೋಳ ಕೊಡಿ ಎಂದು ಪ್ರತಿ ಗ್ರಾಮಸಭೆ ಠರಾವು ಬರೆಯಲಿ. ಬಾಯಿಮಾತು ಹಾರಿಹೋಗುತ್ತದೆ, ಠರಾವು ಕಡತದಲ್ಲಿ ಉಳಿಯುತ್ತದೆ.

ಎರಡನೆಯದು ಶಾಲೆ. ಮಧ್ಯಾಹ್ನದ ಊಟಕ್ಕೆ 2002ರಲ್ಲಿ ಕರ್ನಾಟಕ ಇಟ್ಟ ಹೆಸರು 'ಅಕ್ಷರ ದಾಸೋಹ'. ದಾಸೋಹ ಎಂಬ ಮಾತಿಗೆ ಹೊಸ ಜೀವ ಕೊಟ್ಟ ಶರಣರ ನೆಲ ಇದು. ಹೆಸರು ನಮ್ಮದು, ಅನ್ನ ಸಾರು ಹೊರಗಿನದು. ವಾರಕ್ಕೊಂದು ದಿನವಾದರೂ ಈ ಮಕ್ಕಳ ತಟ್ಟೆಗೆ ರೊಟ್ಟಿಯೋ ಜೋಳದ ನುಚ್ಚೋ ಬರಲಿ. ರೊಟ್ಟಿಯನ್ನು ಊರಿನ ಸ್ವಸಹಾಯ ಸಂಘಗಳು ಮಾಡಿಕೊಡಲಿ, ತಕ್ಕ ಕೂಲಿಯನ್ನು ಸರ್ಕಾರ ಕೊಡಲಿ. ಒಂದೇ ಕೆಲಸದಿಂದ ಮಗುವಿಗೆ ಊಟ, ಹೆಣ್ಣುಮಗಳಿಗೆ ಸಂಪಾದನೆ, ರೈತನಿಗೆ ಗಿರಾಕಿ.

ಮೂರನೆಯದು ಮಠ, ಜಾತ್ರೆ. ನಮ್ಮ ಜಾತ್ರೆಗಳ ದಾಸೋಹದಲ್ಲಿ ಲಕ್ಷಗಟ್ಟಲೆ ಜನ ಉಣ್ಣುತ್ತಾರೆ. ಬಿತ್ತುವ ಮೊದಲೇ 'ಇಷ್ಟು ಚೀಲ ಜೋಳ, ಇಷ್ಟು ಕಡಲೆ ಈ ಸುತ್ತಿನ ರೈತರಿಂದ ಕೊಳ್ಳುತ್ತೇವೆ' ಎಂದು ಮಠಗಳು ಮಾತು ಕೊಡಲಿ. ಆ ಭರವಸೆ ಸಿಕ್ಕರೆ ರೈತ ಧೈರ್ಯದಿಂದ ಕೂರಿಗೆ ಹೂಡುತ್ತಾನೆ.

ನಾಲ್ಕನೆಯದು ನಮ್ಮ ಒಳಗಿನದು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಕಾಸು ಕೇಳಲಿಲ್ಲ, ಕಾಳು ಕೇಳಲಿಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎಂದರು. ಸಾರಾಯಿ, ಗುಟ್ಕಾ, ಬೀಡಿ ಆ ಮಹಾಂತ ಜೋಳಿಗೆಗೆ ಬಿದ್ದವು. ಅವರ ಹುಟ್ಟುದಿನ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಯನ್ನು ನಾವು ಮತ್ತೊಮ್ಮೆ ಹಿಡಿಯೋಣ. ಈ ಸಲ ಅದಕ್ಕೆ ಮತ ಮಾರಿಕೊಳ್ಳುವ ಚಟ ಬೀಳಲಿ. ಮತಕ್ಕೆ ದುಡ್ಡು ಪಡೆದವನು ತಾನು ಆ ಅಭ್ಯರ್ಥಿಯ ಜೋಳ ಉಂಡೆ ಎಂದುಕೊಳ್ಳುತ್ತಾನೆ. ಐದು ವರ್ಷ ಬಾಯಿ ಬಿಡುವುದಿಲ್ಲ. ಹಳೆಯ ಜೋಳವಾಳಿ ತಲೆಕೆಳಗಾಗದೆ ಹಾಗೇ ಉಳಿದುಕೊಂಡಿರುವುದು ಅಲ್ಲಿ. ಸರ್ಕಾರ ಕೊಡುವ ಪಡಿತರವೂ ಅಷ್ಟೇ. ಅದು ಯಾವ ನಾಯಕನ ಮನೆಯ ಕಣಜದ್ದಲ್ಲ. ನಮ್ಮ ತೆರಿಗೆ, ನಮ್ಮ ಬೆವರು, ನಮ್ಮ ಹಕ್ಕು. ಅದಕ್ಕೆ ಋಣಿಯಾಗಿ ಕೈಮುಗಿಯಬೇಕಿಲ್ಲ, ಅದರ ಲೆಕ್ಕ ಕೇಳಬೇಕು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ಇಲ್ಲಿರುವ ಮಕ್ಕಳಿಗೂ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಈ ಕಥೆಯನ್ನು ನಾವು ಅತಿಯಾಸೆಯ ಪಾಠವೆಂದು ಹೇಳಿಕೊಡುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಆ ಮನೆಯಲ್ಲಿ ಅಕ್ಕಿ ಎಷ್ಟು, ಎಲ್ಲಿಂದ ಬಂತು, ಯಾರ ಪಾಲಿನದು ಎಂದು ಕೇಳಿದವಳು ಒಲೆಯ ಮುಂದಿನ ಹೆಣ್ಣು. ಕೊಟ್ಟ ಮಹಾಮನೆ ಎಷ್ಟೇ ದೊಡ್ಡದಿದ್ದರೂ ಅವಳು ಕೇಳದೆ ಬಿಡಲಿಲ್ಲ. ಅನ್ನದ ಲೆಕ್ಕ ಕೇಳುವುದು ಈ ನೆಲದಲ್ಲಿ ಎಂಟುನೂರು ವರ್ಷಗಳಿಂದ ಬಂದ ಆಚಾರ.

ಕೊನೆಯದಾಗಿ ಈ ದತ್ತಿಯನ್ನಿಟ್ಟ ಮನೆತನಕ್ಕೆ ಒಂದು ವಿನಂತಿ. ಇಂದು ನನಗೆ ಕೊಡುವ ಗೌರವಧನವನ್ನು ಈ ದತ್ತಿಯ ಗಂಟಿಗೇ ಸೇರಿಸಿಕೊಳ್ಳಿ. ಮುಂದಿನ ವರ್ಷ ಉಪನ್ಯಾಸ ಮುಗಿದ ಮೇಲೆ ಬಡಿಸುವ ಊಟ ಈ ತಾಲ್ಲೂಕಿನ ಹೊಲದ ಜೋಳದ್ದಾಗಲಿ. ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು, ಉಪನ್ಯಾಸಕರ ಹೆಸರಿನ ಜೊತೆ ಆ ಜೋಳ ಬೆಳೆದವರ ಹೆಸರು, ರೊಟ್ಟಿ ಬಡಿದವರ ಹೆಸರು, ಹೊಲದ ನಾಲ್ಕು ದಿಕ್ಕಿನ ಎಲ್ಲೆಯೂ ಅಚ್ಚಾಗಲಿ. ಅವರು ಬಂದು ಈ ವೇದಿಕೆಯ ಮೇಲೆ ಕೂರಲಿ. ನಾವು ಕೆಳಗೆ ಕುಳಿತು ಕೇಳೋಣ, ಆಮೇಲೆ ಉಣ್ಣೋಣ.